ಬೆನ್ನ ಹಿಂದಿನ ಕ್ಲಿಪ್ಪುಗಳು

ಫ್ಯಾಷನ್ ಪತ್ರಿಕೆಯ ಸಂಪಾದಕಿಯಾಗಿ ನಾನು ಕಲಿತ ದೊಡ್ಡ ವಿದ್ಯೆ ಫೋಟೋದಲ್ಲಿ ಕಾಣುವುದೇ ಇಲ್ಲ. ಬಟ್ಟೆ ಸಡಿಲವಾಗಿದ್ದರೆ ಮಾಡೆಲ್ಲಿನ ಬೆನ್ನ ಹಿಂದೆ ನಾಲ್ಕು ಕ್ಲಿಪ್ ಸಿಕ್ಕಿಸಿದರಾಯಿತು, ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಆ ಕೆಲಸ ಬಿಟ್ಟು, ನನ್ನವೇ ಫೋಟೋ ಪುಸ್ತಕಗಳನ್ನು ತರುತ್ತೇನೆಂದು ಹೊರಟಾಗಲೂ ಕ್ಲಿಪ್ಪುಗಳು ಚೀಲದಲ್ಲೇ ಇದ್ದವು. ಕೆಲಸ ಬದಲಿಸುವವರಿಗೆ ಹೇಳುತ್ತೇನೆ, ಮೊದಲು ಹಳೆಯ ಚೀಲ ಖಾಲಿ ಮಾಡಿ.

ಮೊದಲ ಪುಸ್ತಕ ಚೆನ್ನೈನ ನಮ್ಮ ಕನ್ನಡದ ಹೋಟೆಲುಗಳ ಅಡುಗೆಯವರದು. ಒಳಪುಟಗಳೆಲ್ಲ ಸಿದ್ಧ. ಅಲ್ಲಿನ ಪ್ಯಾರೀಸ್ ಕಾರ್ನರಿನ ಪ್ರೆಸ್ಸಿನವರು ನನ್ನ ಚೌಕಾಸಿಗೆ ಸುಸ್ತಾಗಿ, ಕ್ಯಾಲೆಂಡರ್ ಕೆಲಸಗಳ ನಡುವೆ ಒಂದು ದಿನ ಬಿಟ್ಟುಕೊಟ್ಟಿದ್ದರು. ಅದರ ಹಿಂದಿನ ಸಂಜೆಯೊಳಗೆ ಮುಖಪುಟ ಕೊಡದಿದ್ದರೆ ಪುಸ್ತಕ ಪೊಂಗಲ್ ದಾಟಿದ ಮೇಲೆಯೇ.

ಮುಖಪುಟಕ್ಕೆ ಆರಿಸಿದ್ದು ನುಂಗಂಬಾಕ್ಕಂನ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ, ಕುಂದಾಪುರದ ಕಡೆಯ ಭಟ್ಟರನ್ನು. ಗಡುವಿನ ದಿನವೇ, ಬೆಳಗಿನ ಗಿರಾಕಿ ಇಳಿದ ಮೇಲೆ ಹೋದೆ. ಅವರ ಬನಿಯನ್ನು ಜೋಲುತ್ತಿತ್ತು. ಕೈ ತಾನಾಗಿ ಚೀಲಕ್ಕೆ ಹೋಯಿತು, ಕ್ಲಿಪ್ ಹಾಕಿಬಿಟ್ಟೆ. ಚಂದದ ಫೋಟೋ ಬಂತು. ಭಟ್ಟರ ಫೋನಿಗೂ ಹಾಕಿಕೊಟ್ಟೆ, ಅವರು ಅದನ್ನು ಊರಿನಲ್ಲಿದ್ದ ಹೆಂಡತಿಗೆ ಕಳಿಸಿದರು. ಕೂಡಲೇ ಕರೆ ಬಂತು, ಸ್ಪೀಕರಿನಲ್ಲಿ.

"ಇದ್ ಯಾರ್ದ್ ಫೋಟೋ? ಮದಿ ಗಂಡಿನ ಹಾಂಗಿತ್ತಲೆ."

ಮದುಮಗನಾಗಿಬಿಟ್ಟಿದ್ದ ಭಟ್ಟರು ನನ್ನ ಕಡೆ ತಿರುಗಿದರು. "ಕಾಣಿ ಅಮ್ಮ, ಮನಿಯವ್ಳಿಗೇ ಗುರ್ತ ಸಿಕ್ಕಲಿಲ್ಲ. ಇದನ್ನ ಹಾಕೂದ್ ಬ್ಯಾಡ."

ನಾನು ಬಿಡುತ್ತೇನೆಯೇ? ಅಡುಗೆಮನೆಯವರಿಗೆಲ್ಲ ಪುಸ್ತಕದ ಒಂದೊಂದು ಪ್ರತಿ ಕೊಡುತ್ತೇನೆಂದೆ.

"ಪ್ರತಿ ಕೊಡಿ, ಬ್ಯಾಡ ಅಂಬುದಿಲ್ಲ. ಆದ್ರೆ ನನ್ ಫೋಟೋ ಹಾಕಿ. ಇದನ್ನ ಬೆನ್ನಿಗೆ ಸಿಕ್ಕಿಸ್ಕಂಡ್ರೆ ಕೈ ಎತ್ತಿ ದ್ವಾಸಿ ಹೊಯ್ಯೂಕೂ ಆತಿಲ್ಲ."

ಆಗ ನನಗೆ ನಾಚಿಕೆಯಾಯಿತು. ಕ್ಲಿಪ್ ತೆಗೆದು, "ನಿಮ್ಮ ಪಾಡಿಗೆ ಹೊಯ್ಯಿರಿ ಭಟ್ಟರೇ" ಎಂದೆ. ಅವರು ಕಡ್ಡಿಪೊರಕೆಯಿಂದ ಕಾವಲಿಗೆ ನೀರು ಹೊಡೆದರು. ಹಬೆ ಎದ್ದಿತು, ಬನಿಯನ್ನು ಹೆಗಲಿಂದ ಜಾರಿತು, ಹೊಟ್ಟೆ ಮುಂದೆ ಬಂತು, ಕಣ್ಣು ಮಾತ್ರ ಹಿಟ್ಟಿನ ಮೇಲೆ. ಕ್ಯಾಮೆರಾದ ಗುಂಡಿ ಒತ್ತಿದೆ. ತೆರೆಯ ಮೇಲೆ ಅದನ್ನೇ ಮತ್ತೆ ಮತ್ತೆ ನೋಡಿದೆ. ಪತ್ರಿಕೆಯಲ್ಲಿದ್ದಷ್ಟು ವರ್ಷವೂ ಒಂದು ಫೋಟೋವನ್ನೂ ಹಾಗೆ ನೋಡಿರಲಿಲ್ಲ.

ಅದನ್ನೂ ಊರಿಗೆ ಕಳಿಸಿದರು. ಮತ್ತೆ ಕರೆ. "ಹೊಟ್ಟಿ ಒಂಚೂರೂ ಇಳೀಲಿಲ್ಲ ಅಲ್ದಾ?"

ಭಟ್ಟರು ಫೋನ್ ಇಟ್ಟು, "ಹಾಕಿ" ಎಂದರು. "ಪ್ರತಿ ಮರೀಬ್ಯಾಡಿ."

ಕ್ಲಿಪ್ಪುಗಳನ್ನು ಅಲ್ಲೇ ಬಿಟ್ಟೆ, ಚಟ್ನಿಪುಡಿ ಪೊಟ್ಟಣಗಳ ಬಾಯಿ ಮುಚ್ಚಲು. ಪ್ರೆಸ್ಸಿಗೆ ಆಟೋ ಹಿಡಿದೆ. ಆಟೋದವನು ಹೇಳಿದ ಬಾಡಿಗೆಗೆ ಚೌಕಾಸಿಯಿಲ್ಲದೆ ಹೂಂ ಎಂದು ಹತ್ತಿ ಕೂತದ್ದು ನೆನಪಾದದ್ದೇ ಅರ್ಧ ದಾರಿಯಲ್ಲಿ.