ಮತ್ತಿನ ಡಾಕ್ಟರ ಮ್ಯಾಲ ಹೊರಿಸಿದ ಸಾವು

ಹೋದ ವಾರ ಕೊಪ್ಪಳದ ದವಾಖಾನ್ಯಾಗ ಆಪರೇಷನ್ನಿಗಂತ ಸೇರಿಸಿದ ಮೊಮ್ಮಗಳ ಮಂಚಕ್ಕ ಒಂದು ರಟ್ಟು ಕಟ್ಟಿದ್ರು. ‘ಬಾಯಿಗೆ ಏನೂ ಕೊಡಬೇಡಿ’ ಅಂತ ಕೆಂಪು ಅಕ್ಷರ. ಅದನ್ನ ನೋಡಿದ್ದ ತಡ, ನನಗ ಮೈಯೆಲ್ಲಾ ಉರದಂಗಾತು. ನಮ್ಮತ್ತಿ ಮ್ಯಾಲ ಸಿಟ್ಟು, ಊರ ಮಂದಿ ಮ್ಯಾಲ ಸಿಟ್ಟು. ಎಲ್ಲಾಕ್ಕಿಂತ ಹೆಚ್ಚು ನನ್ನ ಮ್ಯಾಲ.

ಎಂಬತ್ತರ ದಶಕದ ಮಾತಿದು. ನಾನು ಹನುಮಸಾಗರಕ್ಕ ಸೊಸಿಯಾಗಿ ಬಂದು ಎರಡು ವರ್ಷ ಆಗಿತ್ತು. ನಾದಿನಿಗೆ ಹೊಟ್ಟ್ಯಾಗ ಗಡ್ಡಿ ಬೆಳದು, ಕುಷ್ಟಗ್ಯಾಗ ಆಪರೇಷನ್ ಅಂತ ಗಟ್ಟಿಯಾತು. ಅಲ್ಲಿನ ಸಣ್ಣ ದವಾಖಾನಿಗೆ, ಆಪರೇಷನ್ನಿಗೆ ಮೊದಲ ಮತ್ತು ಬರೂ ಔಷಧಿ ಕೊಡಾಕಂತನ ಒಬ್ಬ ಡಾಕ್ಟರು ಬರತಿದ್ರು. ತೆಳ್ಳಗಿನ ಮನಷ್ಯಾ, ಮೆಲ್ಲಕ ಮಾತಾಡವರು. ಮತ್ತಿನ ಡಾಕ್ಟರು ಅಂತನ ಎಲ್ಲಾರೂ ಕರೀತಿದ್ರು.

ಹಿಂದಿನ ದಿನ ಅವರು ನನ್ನನ್ನೂ ಅತ್ತೀನ್ನೂ ಬೆಂಚಿನ ಮ್ಯಾಲ ಕುಂದ್ರಿಸಿ ತಿಳಿಸಿ ಹೇಳಿದ್ರು. “ನೋಡವಾ, ಮಿದುಳಿನ್ಯಾಗ ಎಬ್ಬಸೂ ಸಂದೇಶನೂ ಅದಾವು, ತಡಿಯೂ ಸಂದೇಶನೂ ಅದಾವು. ನನ್ನ ಔಷಧಿ ತಡಿಯೂದಕ್ಕ ಬಲ ಕೊಡತೈತಿ. ಆವಾಗ ನೋವಷ್ಟ ಅಲ್ಲ, ಗಂಟಲದ ಕೆಮ್ಮೂ ನಿಂತು ಬಿಡತೈತಿ. ಹೊಟ್ಟ್ಯಾಗ ಅನ್ನ ಇದ್ದು, ಮ್ಯಾಲ ಬಂದು ಪುಪ್ಪಸಕ್ಕ ಇಳದ್ರ, ಆಕಿಗೆ ಕೆಮ್ಮಿ ಹೊರಗ ಹಾಕಾಕ ಬರೂದಿಲ್ಲ. ನಾಳೆ ಖಾಲಿ ಹೊಟ್ಟೀಲೆ ಕರಕೊಂಡು ಬರ್ರಿ.” ಅತ್ತಿ ಎಲ್ಲಾದಕ್ಕೂ “ಹೂನ್ರಿ, ಹೂನ್ರಿ” ಅಂದ್ಲು.

ಮುಂಜಾನೆ ಎದ್ದು ನೋಡಿದ್ರ, ಅತ್ತಿ ಮಗಳ ಮುಂದ ಕುಂತು ಮೊಸರನ್ನ ಉಣಸಾಕ ಹತ್ತಿದ್ಲು! ಊರು ದಾಟೂ ಹೆಣ್ಣಮಗಳು ಉಪವಾಸ ಹೊಂಟ್ರ ಅಪಶಕುನ ಅಂತ. “ಡಾಕ್ಟರು ಬ್ಯಾಡ ಅಂದಾರಲ್ರಿ ಅತ್ತಿ” ಅಂದೆ. “ನೀ ಸುಮ್ಮನಿರ, ದೊಡ್ಡ ಶಾಣ್ಯಾಕಿ” ಅಂದ್ಲು. ಸುಮ್ಮನಾದೆ... ಅಲ್ಲೇ ಸುಮ್ಮನಾಗಿದ್ದು ಮೊದಲನೇ ತಪ್ಪು.

ಆಪರೇಷನ್ ಖೋಲಿ ಬಾಗಲದಾಗ ಡಾಕ್ಟರು ಮತ್ತ ಕೇಳಿದ್ರು, ಏನರ ತಿಂದಾಳೇನು ಅಂತ. “ನೀರು ಸೈತ ಮುಟ್ಟಿಲ್ರಿ” ಅಂತ ಅತ್ತಿ ಹಂಗ ಸುಳ್ಳು ಹೇಳಿದ್ಲು. ನಾದಿನಿ ತಲಿ ಕೆಳಗ ಹಾಕಿದ್ಲು. ನಾನೂ.

ಒಂದು ತಾಸಿನ್ಯಾಗ ಎಲ್ಲಾ ಮುಗೀತು. ಡಾಕ್ಟರು ಬೆವತು ಹೊರಗ ಬಂದ್ರು. “ಪುಪ್ಪಸದಾಗ ಅನ್ನ ಇಳದೈತಿ. ಎಷ್ಟು ತಗದ್ರೂ ಉಳಸಾಕ ಆಗಲಿಲ್ಲ. ಯಾರು ಉಣಿಸಿದ್ರಿ?” ಅಂದ್ರು. ಅತ್ತಿ ಎದಿ ಎದಿ ಬಡಕೊಂಡು, “ಮತ್ತು ಹೆಚ್ಚ ಕೊಟ್ಟು ನನ್ನ ಮಗಳನ್ನ ಕೊಂದ!” ಅಂತ ಒದರಿದ್ಲು. ಮಂದಿ ಕೂಡಿತು. ಅವರ ಅಂಗಿ ಹರದ್ರು, ಕನ್ನಡಕ ತುಳದ್ರು. ತಪ್ಪೆಲ್ಲಾ ಡಾಕ್ಟರ ಮ್ಯಾಲ ಹೋಗೂದು ದವಾಖಾನಿ ಮಾಲಕಗೂ ಬೇಕಾಗಿತ್ತು, ತನ್ನ ಹೆಸರು ಉಳೀಲಿ ಅಂತ ಬಾಯಿ ಬಿಡಲಿಲ್ಲ, ಹೇಡಿ.

ಅಷ್ಟು ಗದ್ದಲದಾಗ ಡಾಕ್ಟರು ನನ್ನ ಕಡೆ ನೋಡಿದ್ರು. “ನೀವರ ಖರೆ ಹೇಳ್ರಿ, ತಂಗಿ.”

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಮನಿ ಬಿಟ್ಟು ಓಡಿಸ್ತಾರಂತ ಅಂಜಿಕಿ. ಆ ವಾರನ ಡಾಕ್ಟರು ಊರು ಬಿಟ್ರು. ಮುಂದ ಯಾರೂ ಅವರನ್ನ ಕೆಲಸಕ್ಕ ಕರೀಲಿಲ್ಲಂತ ಕೇಳಿದೆ...

ಹೋದ ವಾರ ಕೊಪ್ಪಳದಾಗ, ಮೊಮ್ಮಗಳ ವಾರ್ಡಿನ್ಯಾಗ ನಮ್ಮ ಯಜಮಾನ್ರು ಬಾಜೂ ಮಂಚದವರಿಗೆ, “ಆಗೆಲ್ಲಾ ಎಂಥಾ ಡಾಕ್ಟರು ಇದ್ರು ಅಂತೀರಿ! ಒಬ್ಬ ಮತ್ತು ಹೆಚ್ಚು ಕೊಟ್ಟು ನಮ್ಮ ತಂಗೀನ ಕೊಂದ” ಅಂತ ಹೇಳಾಕ ಹತ್ತಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ.

“ಅವರಲ್ಲ ಕೊಂದಿದ್ದು. ನಿಮ್ಮವ್ವ ಮೊಸರನ್ನ ಉಣಿಸಿ ಸುಳ್ಳು ಹೇಳಿದ್ಲು. ನಾ ಕಣ್ಣಾರೆ ನೋಡಿ ಸುಮ್ಮನಿದ್ದೆ” ಅಂದೆ.

ವಾರ್ಡೆಲ್ಲಾ ಕೇಳುವಂಗ ಅಂದೆ. ಯಜಮಾನ್ರು ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರು.

ಆ ಡಾಕ್ಟರು ತೀರಿಕೊಂಡು ಭಾಳ ವರ್ಷ ಆದುವಂತ. ಅವರು ಕೇಳಿದಾಗ ಕೊಡದ ಮಾತನ್ನ ಈಗ ಒದರಿ ಹೇಳಿದ್ರ, ಅವರಿಗೇನು ಬಂತು?