ಹಿತ್ತಿಲಲ್ಲಿ ಅಳುತ್ತಿದ್ದ ಐವರು

ಮೇಷ್ಟ್ರ ಹೆಂಡತಿ ನಿಂತರೆ ಅವರ ಸೊಂಟ ಎಡಕ್ಕೆ ವಾಲುತ್ತಿತ್ತು, ಕೂಸನ್ನು ಎತ್ತಿಕೊಂಡ ಹೆಂಗಸರು ನಿಲ್ಲುವ ಹಾಗೆ. ಸೊಂಟದ ಮೇಲೆ ಕೂಸಿರಲಿಲ್ಲ. ಮೂರು ಹೆತ್ತು ಮೂರನ್ನೂ ಮಣ್ಣು ಮಾಡಿದ್ದರು. ಒಂದಕ್ಕೂ ವರ್ಷ ತುಂಬಿರಲಿಲ್ಲ. ಮೈಗೆ ಮಾತ್ರ ಆ ಅಭ್ಯಾಸ ಉಳಿದುಬಿಟ್ಟಿತ್ತು.

ಕೊಳ್ಳೇಗಾಲದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವರು ಅವರು. ಅರವತ್ತರ ದಶಕದ ಮೊದಲಲ್ಲಿ ಗಂಡನಿಗೆ ಹೊನ್ನೂರಿಗೆ ವರ್ಗವಾಗಿ ನಮ್ಮ ಪಕ್ಕದ ಮನೆಗೆ ಬಂದರು. ನಾನಾಗ ಇಪ್ಪತ್ತು ತುಂಬದ ಸೊಸೆ; ಐದು ತಿಂಗಳ ಮಗ ಜ್ವರ ಬಂದು ತೀರಿಕೊಂಡಿದ್ದ. ಮಗು ಕಳೆದುಕೊಂಡವಳನ್ನು ಬಾಣಂತಿಯಿದ್ದ ಮನೆಗೆ ಸೇರಿಸುತ್ತಿರಲಿಲ್ಲ, ತೊಟ್ಟಿಲ ಶಾಸ್ತ್ರಕ್ಕೆ ಕರೆಯುತ್ತಿರಲಿಲ್ಲ. ನನ್ನ ಅತ್ತೆ ಕೆಟ್ಟವರೇನಲ್ಲ. "ಇನ್ನೊಂದಾಯ್ತದೆ ಬುಡು" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಒಡೆದ ಮಡಕೆಯ ಬಗ್ಗೆ ಹೇಳಿದ ಹಾಗೆ ಕೇಳಿಸಿ ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಮೇಷ್ಟ್ರ ಹೆಂಡತಿ ಬೇಲಿಯಾಚೆ ನಿಂತು ಕರೆದರು. "ಅಕ್ಕಿಲಿ ಕಲ್ಲು ಬಾಳ ಅವೆ ಕಣವ್ವ. ಮೊರ ತಕಂಡು ಬಾ. ಮಾತಾಡ್ಲೇಬೇಕು ಅಂತೇನಿಲ್ಲ."

ಹೋದೆ. ಬಹಳ ಹೊತ್ತು ಇಬ್ಬರೂ ಕಲ್ಲು ಆರಿಸಿದೆವು. ಆಮೇಲೆ ತಲೆ ಎತ್ತದೆಯೇ ಕೇಳಿದರು: "ನಿನ್ನ ಮಗ ಯಾವ ಮಗ್ಗಲಿಗೆ ಮಲಗ್ತಿದ್ದ?"

ಅವನು ಸತ್ತ ಮೇಲೆ ಅವನ ಬಗ್ಗೆ ನನ್ನನ್ನು ಏನನ್ನಾದರೂ ಕೇಳಿದವರು ಅವರೊಬ್ಬರೇ. "ಬಲಕ್ಕೆ ಕಣಕ್ಕ" ಎಂದೆ. ಅಷ್ಟು ಹೇಳಿ, ಮನೆಯಲ್ಲಿ ನುಂಗಿಕೊಂಡಿದ್ದನ್ನೆಲ್ಲ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಮೊರ ಕೆಳಗಿಟ್ಟು ಪಕ್ಕಕ್ಕೆ ಬಂದು ಕೂತರು.

ಹಾಗೆ ಶುರುವಾಯಿತು. ಊರಿನಲ್ಲಿ ನನ್ನಂಥವರು ಇನ್ನೂ ಯಾರಿದ್ದಾರೆಂದು ವಿಚಾರಿಸಿ, ಅಕ್ಕಿ ಹಸನು ಮಾಡಲು ಸೊಸೆಯನ್ನು ಕಳಿಸಿಕೊಡಿ ಎಂದು ಅವರವರ ಅತ್ತೆಯರನ್ನು ಕೇಳಿದರು. ಮೇಷ್ಟ್ರ ಮನೆಯೆಂದರೆ ಮರ್ಯಾದೆ, ಯಾರೂ ಇಲ್ಲವೆನ್ನಲಿಲ್ಲ. ಗುರುವಾರ ಗುರುವಾರ ಹಿತ್ತಿಲಿನಲ್ಲಿ ನಾವು ಐದು ಜನ ಸೇರತೊಡಗಿದೆವು. ಅವರು ಅದನ್ನು 'ನಮ್ಮ ಕೂಟ' ಎನ್ನುತ್ತಿದ್ದರು. ಒಬ್ಬೊಬ್ಬರೂ ತಮ್ಮ ಕೂಸಿನ ಮಾತು ಹೇಳಬೇಕು, ಉಳಿದವರು ಕೇಳಬೇಕು, ಅಷ್ಟೇ.

ಐವರಲ್ಲಿ ಚಿಕ್ಕವಳು ಲೊಕ್ಕನಹಳ್ಳಿಯಿಂದ ಬಂದ ಹುಡುಗಿ, ಗೌಡರ ಮನೆ ಸೊಸೆ. ಎರಡು ಕೂಸು ಹೋಗಿದ್ದವು. ಮಗನಿಗೆ ಇನ್ನೊಂದು ಹೆಣ್ಣು ತರುವ ಮಾತು ಆ ಮನೆಯಲ್ಲಿ ಆಗಲೇ ನಡೆದಿತ್ತು. ಅವಳು ಬಂದು ಕೂತು ಕಲ್ಲು ಆರಿಸುತ್ತಿದ್ದಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. "ಈ ಉಡ್ಗಿ ಒಂದ್ಸಲ ಬಾಯ್ಬುಟ್ರೆ ಬದುಕ್ಕತಾಳೆ" ಎಂದು ಮೇಷ್ಟ್ರ ಹೆಂಡತಿ ನನ್ನೊಡನೆ ಹೇಳುತ್ತಿದ್ದರು. ಅವಳಿಗಾಗಿಯೇ ಕೂಟ ನಡೆಸುತ್ತಿದ್ದಾರೇನೋ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಗುರುವಾರದ ತೊಂದರೆಯೆಂದರೆ, ಅಳು ಬರುವ ಹೊತ್ತಿಗೆ ಗದ್ದೆಗೆ ಊಟ ಹೊರಬೇಕಾಗಿ ಎಲ್ಲರೂ ಏಳುತ್ತಿದ್ದೆವು. ಸೋಮವಾರ ಶಿವನ ವಾರ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದು ತಿಳಿದದ್ದೇ ಅವರು ಕೂಟವನ್ನು ಸೋಮವಾರಕ್ಕೆ ಬದಲಿಸಿದರು. ಎತ್ತು ಕಟ್ಟದ ದಿನ ಗಂಡಸರೆಲ್ಲ ಊರಲ್ಲೇ ಇದ್ದು ಜಗುಲಿ ಹಿಡಿದು ಕೂರುತ್ತಾರೆಂದು ಪೇಟೆಯಲ್ಲಿ ಬೆಳೆದ ಅವರಿಗೆ ಹೇಗೆ ಗೊತ್ತಾಗಬೇಕು? ನಮಗೆ ಗೊತ್ತಿತ್ತು. ಇನ್ನಷ್ಟು ಹೊತ್ತು ಕೂರುವ ಆಸೆಗೆ ನಾವು ನಾಲ್ವರೂ ಬಾಯಿ ಮುಚ್ಚಿಕೊಂಡೆವು.

ಆ ಸೋಮವಾರವೇ ಹುಡುಗಿ ಬಾಯಿಬಿಟ್ಟಳು. ಎರಡೂ ಕೂಸುಗಳನ್ನು ಹೆಸರು ಹಿಡಿದು ಕರೆದು ಅತ್ತಳು, ಬೀದಿಗೆ ಕೇಳುವಷ್ಟು. ಮೇಷ್ಟ್ರ ಜಗುಲಿಯ ಮೇಲೆ ಅವಳ ಮಾವನೇ ಕೂತಿದ್ದರು. ಹಿತ್ತಿಲಿಗೆ ಬಂದು ಮೇಷ್ಟ್ರ ಹೆಂಡತಿಗೆ, "ಸಿವನ್ ವಾರದಲ್ಲಿ ಸತ್ತ ಕೂಸ್ಗಳ ಕೂಗಿ ಅಳೋಳು ನಮ್ಮನೇಲಿ ದೀಪ ಅಚ್ಚೋದು ಬ್ಯಾಡ ಕಣ್ರವ್ವಾ" ಎಂದರು. ದನಿ ಕೂಡ ಏರಿಸಲಿಲ್ಲ. ಮಾರನೆಯ ದಿನ ಅವಳನ್ನು ತವರಿನ ಬಸ್ಸು ಹತ್ತಿಸಿದರು.

ಮೇಷ್ಟ್ರ ಹೆಂಡತಿ ಲೊಕ್ಕನಹಳ್ಳಿಗೆ ಹೋದರು. ಹುಡುಗಿಯ ತಾಯಿ ಒಳಗೆ ಕರೆಯಲಿಲ್ಲ. "ಅಳೋದ ಕಲ್ಸ್‌ಬುಟ್ರಲ್ಲವ್ವಾ. ಬಾಯ್ ಮುಚ್ಕಂಡಿದ್ದಿದ್ರೆ ಅಲ್ಲೇ ಒಂದು ಮೂಲೇಲಿ ಬಾಳ್ಕತಿದ್ಲು" ಎಂದರಂತೆ. ಈ ಮಾತನ್ನು ಒಂದಕ್ಷರ ಬಿಡದೆ ನನಗೆ ಹೇಳಿದರು, ತಮ್ಮ ಪರವಾಗಿ ಏನೊಂದೂ ಸೇರಿಸಲಿಲ್ಲ. ಆಮೇಲೆ ಯಾವ ಅತ್ತೆಯೂ ಸೊಸೆಯನ್ನು ಕಳಿಸಲಿಲ್ಲ. ನಾನು ಮಾತ್ರ ನೀರು ಸೇದುವ ನೆಪದಲ್ಲಿ ಹೋಗುತ್ತಿದ್ದೆ. ಚಾಪೆ ಹಾಸಿಕೊಂಡು ಒಬ್ಬರೇ ಕೂತಿರುತ್ತಿದ್ದರು.

ಎರಡು ವರ್ಷದ ಮೇಲೆ ಯಾರದೋ ಮದುವೆಯಲ್ಲಿ ನನಗೆ ಸುದ್ದಿ ಸಿಕ್ಕಿತು. ಹುಡುಗಿ ಊಟ ಬಿಟ್ಟು, ಸವೆದು ಸವೆದು ತೀರಿಕೊಂಡಿದ್ದಳು. ಮೇಷ್ಟ್ರ ಹೆಂಡತಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಕೊಟ್ಟಿಗೆಯಲ್ಲಿ ಕೂತು ಅತ್ತುಕೊಂಡೆ. ಅಷ್ಟರಲ್ಲೇ ಮೇಷ್ಟ್ರಿಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು.

ಎಪ್ಪತ್ತರ ದಶಕದ ಮೊದಲಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಎಲುಬಷ್ಟೇ ಉಳಿದಿದ್ದರು. ಅವರು ಕೇಳುವ ಮೊದಲೇ ನಾನು, "ಲೊಕ್ಕನಳ್ಳಿಯೋಳು ಚೆನ್ನಾಗವ್ಳಂತೆ ಕಣಕ್ಕ" ಎಂದುಬಿಟ್ಟೆ.

ಅವರು ನನ್ನ ಕೈ ಹಿಡಿದುಕೊಂಡರು. "ಓಗ್ಬುಟ್ಲು ಕಣವ್ವ. ಓಗಿ ಬಾಳ ವರ್ಸ ಆಯ್ತು. ನಾನು ಒನ್ನೂರ್ನಲ್ಲಿದ್ದಾಗ್ಲೇ ಗೊತ್ತಾಗಿತ್ತು. ನೀನು ತಡ್ಕಳಕಿಲ್ಲ ಅಂತ ಏಳ್ನಿಲ್ಲ."

ಎಂಟು ದಿನಕ್ಕೆ ಅವರೂ ಹೋದರು. ಒಟ್ಟಿಗೆ ಅಳಲೆಂದೇ ಕೂಟ ಕಟ್ಟಿದ್ದ ನಾವು, ನಡುವೆ ಒಂದು ಬೇಲಿ ಇಟ್ಟುಕೊಂಡು, ಅವಳಿಗಾಗಿ ಒಬ್ಬೊಬ್ಬರೇ ಅತ್ತಿದ್ದೆವು.