ಹಳ್ಳದ ಮೇಲೆ ಹೊಲಿಗೆ ಅಂಗಡಿ

ಹರಪನಹಳ್ಳಿಯ ದಾದಾಪೀರ್ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಮೇಲೆ ಕೇಳುವವರು ಅವನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ.

ಮೆಕ್ಕೆಜೋಳ ಒಕ್ಕುವ ಮಷಿನ್ ಅವನದು. ಸುಗ್ಗಿ ಬಂತೆಂದರೆ ಚಿಗಟೇರಿ ಕಡೆಯ ರೈತರೂ ಟ್ರ್ಯಾಕ್ಟರ್ ತುಂಬ ತೆನೆ ಹೇರಿಕೊಂಡು ಅವನ ಮನೆ ಹಿಂದಿನ ಬಯಲಿಗೇ ಬರುತ್ತಿದ್ದರು. ಕೆಲಸದಲ್ಲಿ ಮೋಸವಿಲ್ಲ, ಮಾತಿನಲ್ಲಿ ಕೊಂಕಿಲ್ಲ. ಆದರೆ ಕಾಳು ಬಿಡಿಸಿದ ಮೇಲೆ ಉಳಿಯುವ ಒಣ ದಿಂಡನ್ನು ಯಾರು ಒಯ್ಯಬೇಕು? ಬಯಲಿನ ಅಂಚಿಗೇ ಹಳ್ಳವಿತ್ತು. ಊರ ಕೆರೆ ಕೋಡಿ ಬಿದ್ದರೆ ಹೆಚ್ಚಿನ ನೀರು ಹರಿದುಹೋಗುವ ಹಳ್ಳ. ಕೆರೆ ತುಂಬುವುದನ್ನೇ ಜನ ಮರೆತಿದ್ದರು. ದಾದಾಪೀರ್ ದಿಂಡನ್ನೆಲ್ಲ ಹಳ್ಳಕ್ಕೆ ತಳ್ಳಿದ, ವರ್ಷವರ್ಷವೂ ತಳ್ಳಿದ. ಅದರ ಮೇಲೆ ಮಣ್ಣು ಬಿತ್ತು, ಕಾಂಕ್ರೀಟು ಬಿತ್ತು, ತಗಡಿನ ಶೆಡ್ಡು ಎದ್ದಿತು. ಶೆಡ್ಡಿನಲ್ಲಿ ಮಗಳು ನೂರೀನಳ ಹೊಲಿಗೆ ಅಂಗಡಿ. ಗಂಡನ ಮನೆ ಬಿಟ್ಟು ಬಂದ ಹುಡುಗಿ, ಆ ಅಂಗಡಿಯಾದ ಮೇಲೆಯೇ ಮತ್ತೆ ನಗಲು ಶುರುಮಾಡಿದ್ದು.

ಶೆಡ್ಡಿನಿಂದ ಆಚೆಗೆ, ನೀರು ಬರುವ ದಿಕ್ಕಿಗೆ, ಹಳ್ಳದ ತಗ್ಗು ದಂಡೆಯಲ್ಲೇ, ದಾಕ್ಷಾಯಣಮ್ಮನ ಮಣ್ಣುಗೋಡೆಯ ಮನೆ. ಗಂಡ ಕರಿಸಿದ್ದಪ್ಪನಿಗೆ ಲಕ್ವ ಹೊಡೆದು, ಮಂಚ ಬಿಟ್ಟು ಏಳುವಂತಿರಲಿಲ್ಲ.

"ನೀರು ಬಂದ್ರ ಎಲ್ಲಿ ಹೋಗ್ಬೇಕೋ ತಮ್ಮಾ?" ಎಂದು ಅವಳು ಶೆಡ್ಡು ಏಳುವಾಗಲೇ ಕೇಳಿದ್ದಳು.

"ಶೆಡ್ಡಿನ ತೆಳಗ ಪೈಪು ಬಿಟ್ಟೀನಲ್ಲಕ್ಕಾ! ಆನಿ ಬೇಕಾದ್ರ ತೂರ್ತತಿ," ಎಂದು ದಾದಾಪೀರ್ ನಕ್ಕಿದ್ದ.

ಈ ವರ್ಷ ಮಳೆ ಬಿಡಲೇ ಇಲ್ಲ. ಕೆರೆ ಕೋಡಿ ಬಿತ್ತು. ಅರ್ಧ ಊರು ಹೂವು, ಕಾಯಿ ಹಿಡಿದು ಕೋಡಿಗೆ ಹೋಯಿತು. ಗಂಗಮ್ಮನಿಗೆ ಕೈ ಮುಗಿಯಿತು, ಫೋಟೊ ಹಿಡಿಯಿತು. ಅಲ್ಲ, ಈ ನೀರು ಇಲ್ಲಿಂದ ಎತ್ತ ಹೋಗುತ್ತದೆ ಎಂದು ಕೇಳುವವನು ಒಬ್ಬನಾದರೂ ಬೇಡವೇ?

ಮಧ್ಯಾಹ್ನ ಕೆಂಪು ನೀರು ಹಳ್ಳಕ್ಕಿಳಿಯಿತು. ದಂಡೆಯ ಮೇಲಿದ್ದ ಹೊಸ ದಿಂಡಿನ ರಾಶಿಯನ್ನೆಲ್ಲ ಎತ್ತಿಕೊಂಡು ಬಂದು ಪೈಪಿನ ಬಾಯಿಗೆ ತುರುಕಿತು. ಆಮೇಲೆ ಸದ್ದಿಲ್ಲ. ನೀರು ಮುಂದೆ ಹೋಗದೆ ಹಿಂದಕ್ಕೆ ಏರತೊಡಗಿತು.

ದಾಕ್ಷಾಯಣಮ್ಮ ಸೊಂಟದವರೆಗೆ ತೊಯ್ದು ಓಡಿಬಂದಳು. "ಹೊಸ್ತಿಲು ದಾಟೈತೋ! ನನ್ನ ಒಬ್ಬಾಕಿ ಕೈಲಿ ಅವ್ರನ್ನ ಎತ್ತಾಕ ಆಗಂಗಿಲ್ಲ. ಬಾ, ಹೊತ್ಕಂಡು ಬರಾಣ."

ದಾದಾಪೀರ್ ಶೆಡ್ಡು ನೋಡಿದ. ನೀರು ಇನ್ನಷ್ಟು ಏರಿದರೆ ಅದೂ ಉಳಿಯುವುದಿಲ್ಲ. ಒಳಗೆ ನೂರೀನ್ ಬಟ್ಟೆಯ ಗಂಟುಗಳನ್ನು ಮೇಲಕ್ಕೆತ್ತಿಡುತ್ತ ಅಳುತ್ತಿದ್ದಳು.

"ತಡಿಯಕ್ಕಾ. ಪೈಪು ಬಿಡಿಸಿದ್ರ ನೀರು ತಾನ ಇಳಿತತಿ. ಅಣ್ಣಾರನ್ನ ಹೊರೋದೇ ಬೇಡ."

ಬಿದಿರ ಗಳ ಹಿಡಿದು ತಿವಿದ. ಬರಲಿಲ್ಲ. "ತಮ್ಮಾ, ಬಾರೋ," ಎಂದಳು ದಾಕ್ಷಾಯಣಮ್ಮ. "ಇನ್ನೊಂದ್ ಸಲ ಅಕ್ಕಾ, ಇನ್ನೊಂದೇ ಸಲ." ಅವಳು ನಂಬಿದಳು. ನೆರೆಮನೆಯ ತಮ್ಮನನ್ನು ನಂಬದೆ ಇನ್ನಾರನ್ನು ನಂಬಬೇಕು? ತಾನೂ ಗಳಕ್ಕೆ ಕೈ ಹಾಕಿದಳು.

ಕೊನೆಗೆ ದಿಂಡು ಬುಳಕ್ಕನೆ ಬಿಟ್ಟಿತು. ನೀರು ಅಬ್ಬರಿಸಿ ಪೈಪಿಗೆ ನುಗ್ಗಿತು. ನೋಡನೋಡುತ್ತ ಹಳ್ಳ ಇಳಿಯಿತು, ಅಂಗಳ ಕಂಡಿತು, ಹೊಸ್ತಿಲು ಕಂಡಿತು.

"ಯಾ ಅಲ್ಲಾ! ಇಳೀತು ನೋಡಕ್ಕಾ!" ದಾದಾಪೀರ್ ಕೇಕೆ ಹಾಕಿ ನಕ್ಕ. ದಾಕ್ಷಾಯಣಮ್ಮನೂ ನಕ್ಕಳು.

ಅಲ್ಲಿಯವರೆಗೆ ನೀರು ಕುಡಿದು ನೀರಿನಲ್ಲೇ ನಿಂತಿದ್ದ ಮಣ್ಣಿನ ಗೋಡೆಗೆ ಈಗ ಆಸರೆ ತಪ್ಪಿತ್ತು. ಹಳ್ಳದ ಕಡೆಯ ಗೋಡೆ ಮೊದಲು ಕೂತಿತು, ಅದರ ಹಿಂದೆಯೇ ಮಾಳಿಗೆಯ ಚಾವಣಿ. ಒಳಗಿನಿಂದ ಕರಿಸಿದ್ದಪ್ಪನ ದನಿ ಒಮ್ಮೆ ಕೇಳಿತು, ಮತ್ತೆ ಕೇಳಲಿಲ್ಲ.

ಇಬ್ಬರೂ ಬರಿಗೈಯಲ್ಲಿ ಕೆಸರು ಬಗೆದರು. ನೂರೀನಳೂ ಓಡಿಬಂದು ಬಗೆದಳು. ಮಂಚದ ಕಾಲು ಕೈಗೆ ಸಿಕ್ಕಿದಾಗ ದಾಕ್ಷಾಯಣಮ್ಮ ಬಗೆಯುವುದನ್ನು ನಿಲ್ಲಿಸಿ ದಾದಾಪೀರನ ಮುಖ ನೋಡಿದಳು.

"ಹೊತ್ಕಂಡು ಬರಾಣ ಅಂದಿದ್ನಲ್ಲೋ ತಮ್ಮಾ."